ಡ್ರೈವ್‌ಕ್ಲಬ್ ಮುಂದಕ್ಕೆ ಹೋಯಿತು, ಕಾಯುತ್ತಿರುವವರು ಇಲ್ಲಿ ಬನ್ನಿ

ಘಾಟಿರಸ್ತೆ, ತೀರ್ಥಹಳ್ಳಿ
ಅಕ್ಟೋಬರ್ 2013

ಸುದ್ದಿ ನೋಡಿದಿರಾ? ನವೆಂಬರ್‌ನಲ್ಲಿ ಸೋನಿಯ ಹೊಸ ಗೇಮ್ ಕನ್ಸೋಲ್ ಪಿಎಸ್4 (ಪ್ಲೇಸ್ಟೇಷನ್ 4) ಜೊತೆಗೇ ಬರಬೇಕಿದ್ದ ಕಾರ್ ರೇಸಿಂಗ್ ಆಟ ಡ್ರೈವ್‌ಕ್ಲಬ್ ಮುಂದಕ್ಕೆ ಹೋಗಿದೆ. 2014ರ ಶುರುವಿನಲ್ಲಿ ಬರುತ್ತದಂತೆ. ತಾರೀಖು ಹೇಳಿಲ್ಲ, ತಿಂಗಳೂ ಹೇಳಿಲ್ಲ. ಅಮೆರಿಕದಲ್ಲಿ ಕನ್ಸೋಲ್ ಅಂಗಡಿಗೆ ಬರಲು ಸುಮಾರು ನಾಲ್ಕು ವಾರ ಉಳಿದಿದೆ. ಈಗ ಬಂದು ಹೇಳುತ್ತಿದ್ದಾರೆ.

ನಾನು ಈ ಆಟಕ್ಕೆ ಕಾಯುತ್ತಿರುವುದು ಫೆಬ್ರವರಿಯಿಂದ. ನ್ಯೂಯಾರ್ಕ್‌ನಲ್ಲಿ ಸೋನಿಯವರು ಪಿಎಸ್4 ಬಗ್ಗೆ ಮೊದಲ ಸಲ ಹೇಳಿದಾಗ ನಮಗಿಲ್ಲಿ ಬೆಳಗಿನ ಜಾವ ನಾಲ್ಕೂವರೆ. ಅಲಾರಂ ಇಟ್ಟು ಎದ್ದಿದ್ದೆ. ಮನೆಯವರೆಲ್ಲ ಮಲಗಿದ್ದರು, ಇಯರ್‌ಫೋನ್ ಹಾಕಿಕೊಂಡು ಕೂತೆ. ನೆಟ್ ನಿಂತು ನಿಂತು ಬರುತ್ತಿತ್ತು. ಈ ಆಟ ಮಾಡುತ್ತಿರುವ ಎವಲ್ಯೂಷನ್ ಸ್ಟುಡಿಯೋಸ್‌ನವರು ಕಾರಿನ ಒಳಭಾಗ ತೋರಿಸಿದಾಗ ಸೀಟಿನ ಹೊಲಿಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ಆಮೇಲೆ ನಿದ್ದೆ ಬರಲಿಲ್ಲ.

ಆದರೆ ನನಗೆ ಹಿಡಿಸಿದ್ದು ಹೊಲಿಗೆಯಲ್ಲ, ಕ್ಲಬ್ ಅನ್ನುವ ಯೋಚನೆ. ಆರು ಜನ ಸೇರಿ ಒಂದು ಕ್ಲಬ್ ಕಟ್ಟಬಹುದು. ಒಬ್ಬ ಗೆದ್ದರೆ ಆರೂ ಜನಕ್ಕೆ ಪಾಯಿಂಟ್. ಒಂದೇ ಹೊತ್ತಿಗೆ ಎಲ್ಲರೂ ಕೂರಬೇಕು ಅಂತಿಲ್ಲ. ನನ್ನ ಜೊತೆ ಓದಿದವರೆಲ್ಲ ಬೆಂಗಳೂರು ಸೇರಿದ್ದಾರೆ. ನಾನು ಇಲ್ಲೇ ಉಳಿದೆ. ರಾತ್ರಿ ಒಂದು ರೇಸ್ ಓಡಿಸಿದರೆ ಅವರ ಜೊತೆ ಆಡಿದ ಹಾಗೆ ಆಗುತ್ತದಲ್ವಾ? ಅದಕ್ಕಾಗಿಯೇ ಪಿಎಸ್4 ತಗೊಳ್ಳೋಣ ಅಂತ ತಿಂಗಳು ತಿಂಗಳು ದುಡ್ಡು ತೆಗೆದಿಡುತ್ತಿದ್ದೇನೆ.

ರೇಸಿಂಗ್ ಹುಚ್ಚು ನನಗೆ ಹತ್ತಿದ್ದು ಟಿವಿಯಿಂದ ಅಲ್ಲ. ಅಪ್ಪಯ್ಯ ಟೆಂಪೊ ಓಡಿಸುತ್ತಿದ್ದರು. ರಜೆಯಲ್ಲಿ ಪಕ್ಕದ ಸೀಟಿನಲ್ಲಿ ಕೂತು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಪ್ರತಿ ತಿರುವಿಗೂ ಮೊದಲು ಹಾರ್ನ್, ಆಮೇಲೆ ಗೇರ್ ಇಳಿಸುವುದು, ಆಮೇಲೆ ಸ್ಟೀರಿಂಗ್. ಈ ಕ್ರಮ ಯಾವತ್ತೂ ತಪ್ಪುತ್ತಿರಲಿಲ್ಲ. ಒಳ್ಳೆಯ ರೇಸಿಂಗ್ ಆಟ ಸಿಕ್ಕಾಗಲೆಲ್ಲ ನನ್ನ ಕೈಗೆ ಆ ಕ್ರಮ ನೆನಪಾಗುತ್ತದೆ.

ತಡವಾಗಿದ್ದಕ್ಕೆ ಬೇಜಾರಿದೆ, ಸುಳ್ಳು ಹೇಳುವುದಿಲ್ಲ. ಆದರೆ ಇನ್ನೂ ಜಾಸ್ತಿ ಬೇಜಾರು ಹೇಳಿದ ರೀತಿಗೆ. ನವೆಂಬರ್‌ಗೆ ಮುಗಿಯುವುದಿಲ್ಲ ಅಂತ ಒಳಗಿನವರಿಗೆ ಅಕ್ಟೋಬರ್‌ನಲ್ಲೇ ಗೊತ್ತಾಯಿತಾ? ಮುಂಚೆಯೇ ಅನುಮಾನ ಬಂದಿರುವುದಿಲ್ವಾ? ಕನ್ಸೋಲ್ ಮಾರಲು ಈ ಆಟವನ್ನೇ ಮುಂದೆ ಹಿಡಿದಿದ್ದರು. ಸೋನಿಯ ಚಂದಾ ಸೇವೆಯಾದ ಪ್ಲಸ್‌ನ ಸದಸ್ಯರಿಗೆ ಇದರ ಒಂದು ಆವೃತ್ತಿ ಉಚಿತ ಅಂತಲೂ ಹೇಳಿದ್ದರು. ಅದನ್ನು ನಂಬಿ ಮುಂಗಡ ಕೊಟ್ಟವರಿದ್ದಾರೆ.

ನಿಮಗೆಲ್ಲ ಏನನ್ನಿಸುತ್ತದೆ, ಹೇಳಿ. ಬೈಗುಳ ಬೇಡ.


ಮೈಸೂರು_ವ್ಹೀಲ್
ಅಕ್ಟೋಬರ್ 2013

ಗುರು, ನಾನು ಪಿಎಸ್3ಯ ರೇಸಿಂಗ್ ಆಟ ಗ್ರಾನ್ ಟುರಿಸ್ಮೊ 5ಕ್ಕೆ ಕಾದವನು. ಜಪಾನಿನಲ್ಲಿ 2010ರ ಮಾರ್ಚ್‌ಗೆ ಅಂದರು. ಜನವರಿಯಲ್ಲಿ ಅದನ್ನೂ ಮುಂದೆ ಹಾಕಿದರು. ಆಮೇಲೆ ಅಮೆರಿಕದಲ್ಲಿ ನವೆಂಬರ್ 2 ಅಂದರು. ಅಕ್ಟೋಬರ್ ಮಧ್ಯದಲ್ಲಿ ಅದೂ ಹೋಯಿತು. ಕೊನೆಗೆ ಬಂದದ್ದು ನವೆಂಬರ್ 24ಕ್ಕೆ. ಸಾವಿರಕ್ಕೂ ಜಾಸ್ತಿ ಕಾರು ಇದ್ದವು ನಿಜ. ಆದರೆ ಅದರಲ್ಲಿ ಸುಮಾರು 800 ಕಾರು ಪಿಎಸ್2 ಕಾಲದಿಂದ ತಂದವು. ಒಳಭಾಗವೂ ಸೇರಿ ಹೊಸದಾಗಿ ಮಾಡಿದ್ದು ಸುಮಾರು 200. ಅಷ್ಟು ವರ್ಷ ಕಾದು ಹಳೆಯ ಕಾರಿನ ಮೊಂಡು ಅಂಚು ನೋಡಿದಾಗ ಹೊಟ್ಟೆ ಉರಿಯಿತು. ಆದರೂ ನಾನು ಅದನ್ನು ಮೂರು ವರ್ಷ ಆಡಿದೆ. ಈಗಲೂ ಆಡುತ್ತೇನೆ.

ಹಾಗಾಗಿ ನನ್ನ ಲೆಕ್ಕದಲ್ಲಿ ಆರು ತಿಂಗಳು ದೊಡ್ಡದಲ್ಲ. ಡಿಸೆಂಬರ್‌ನಲ್ಲಿ ಗ್ರಾನ್ ಟುರಿಸ್ಮೊ 6 ಪಿಎಸ್3ಗೇ ಬರುತ್ತಿದೆ. ಅಲ್ಲಿವರೆಗೆ ಅದನ್ನೇ ಆಡಿ.


ಸರ್ವರ್_ಸೀನ, ಬೆಂಗಳೂರು
ಅಕ್ಟೋಬರ್ 2013

ಘಾಟಿರಸ್ತೆ ಅವರೇ, ನಿಮ್ಮ ಬೇಜಾರು ಅರ್ಥವಾಗುತ್ತದೆ. ನಾನು ಆಟ ಮಾಡುವವನಲ್ಲ, ಆದರೆ ಸಾಫ್ಟ್‌ವೇರ್ ಕೆಲಸದಲ್ಲೇ ಇದ್ದೇನೆ. ಇನ್ನೊಂದು ಕಡೆಯಿಂದ ನೋಡಿ.

ಹೊಸ ಕನ್ಸೋಲ್‌ಗೆ ಮೊದಲ ದಿನದ ಆಟ ಮಾಡುವುದು ಅಂದರೆ ಮನೆ ಕಟ್ಟುತ್ತಿರುವಾಗಲೇ ಅದರೊಳಗೆ ಸಂಸಾರ ಮಾಡಿದ ಹಾಗೆ. ಯಂತ್ರ ಇನ್ನೂ ಬದಲಾಗುತ್ತಿರುತ್ತದೆ. ಅದರ ಸಿಸ್ಟಮ್ ಸಾಫ್ಟ್‌ವೇರ್ ವಾರಕ್ಕೊಮ್ಮೆ ಬದಲಾಗುತ್ತಿರುತ್ತದೆ. ನೀವು ಬರೆದ ಕೋಡ್ ಸರಿಯಿದ್ದರೂ ಕೆಳಗಿನ ನೆಲ ಅಲುಗಾಡುತ್ತದೆ.

ಅದರಲ್ಲೂ ರೇಸಿಂಗ್ ಆಟದಲ್ಲಿ ಕದ್ದು ಮುಚ್ಚಲು ಜಾಗವಿಲ್ಲ. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಬೇಕಾದರೆ ಒಂದೊಂದನ್ನು ಬಿಡಿಸಲು ಸುಮಾರು 16.7 ಮಿಲಿಸೆಕೆಂಡ್ ಸಿಗುತ್ತದೆ, 30 ಆದರೆ 33.3. ಅಷ್ಟರೊಳಗೆ ರಸ್ತೆ, ಮರ, ಬೆಳಕು, ಟಯರ್ ಹಿಡಿತ, ಉಳಿದ ಕಾರುಗಳ ಓಡಾಟ, ಎಲ್ಲ ಮುಗಿಯಬೇಕು. ಒಂದು ಫ್ರೇಮ್ ತಪ್ಪಿದರೂ ತಿರುವಿನಲ್ಲಿ ಕೈಗೆ ಗೊತ್ತಾಗುತ್ತದೆ.

ಡ್ರೈವ್‌ಕ್ಲಬ್‌ನಲ್ಲಿ ಇದರ ಮೇಲೆ ಇನ್ನೊಂದು ಹೊರೆ ಇದೆ. ರಸ್ತೆ ಮಧ್ಯೆ ಸಣ್ಣ ಸಣ್ಣ ಸವಾಲು ಬರುತ್ತವೆ. ಈ ತಿರುವಿನಲ್ಲಿ ಇಂಥವನ ಡ್ರಿಫ್ಟ್ (ಕಾರನ್ನು ಜಾರಿಸಿ ತಿರುಗಿಸುವುದು) ಮೀರಿಸು, ಈ ನೇರ ದಾರಿಯಲ್ಲಿ ಇಂಥವನ ಸರಾಸರಿ ವೇಗ ಮೀರಿಸು, ಹೀಗೆ. ಆ ಇನ್ನೊಬ್ಬನ ಅಂಕಿ ಸರ್ವರ್‌ನಿಂದ ಬರಬೇಕು. ನೀವು ಮಾಡಿದ್ದು ಸರ್ವರ್‌ಗೆ ಹೋಗಬೇಕು. ಒಂದು ಲ್ಯಾಪ್‌ಗೆ ಇಂಥದ್ದು ಹಲವು. ಲಕ್ಷಾಂತರ ಜನ ಒಟ್ಟಿಗೆ ಆಡಿದರೆ ಏನಾಗುತ್ತದೆ ಯೋಚಿಸಿ. ಅವರು ಕೊಟ್ಟ ಕಾರಣವೂ ಇದೇ, ಒಬ್ಬರನ್ನೊಬ್ಬರು ಜೋಡಿಸುವ ಭಾಗಕ್ಕೆ ಸಮಯ ಬೇಕು ಅಂತ.

ತಡವಾಗಿ ಬಂದರೂ ಸರಿಯಾಗಿ ಬರಲಿ. ಅರ್ಧ ಬೆಂದ ಅನ್ನ ಬಡಿಸುವುದಕ್ಕಿಂತ ಅದು ಮೇಲು.


ಘಾಟಿರಸ್ತೆ
ಅಕ್ಟೋಬರ್ 2013

ಸೀನಣ್ಣ, ನೀವು ಹೇಳಿದ್ದರಲ್ಲಿ ತಕರಾರಿಲ್ಲ. ನಾನು ಕೇಳುತ್ತಿರುವುದು ಬೇರೆ. ಅನ್ನ ಬೇಯಲಿ. ಆದರೆ ಎಲೆ ಹಾಕಿ ಕೂರಿಸಿದ ಮೇಲೆ, ಇನ್ನೂ ಒಂದು ಗಂಟೆ ಅಂತ ಹೇಳಬೇಕಲ್ವಾ? ಎಲೆಯ ಮುಂದೆ ಕೂತವನಿಗೆ ಅಷ್ಟು ಗೌರವ ಸಾಕು.

ಇದೇ ಎವಲ್ಯೂಷನ್‌ನವರ ಮೋಟಾರ್‌ಸ್ಟಾರ್ಮ್ ಅಪೊಕಲಿಪ್ಸ್ ನೆನಪಿದೆಯಾ? ಭೂಕಂಪದಲ್ಲಿ ಕುಸಿಯುತ್ತಿರುವ ನಗರದಲ್ಲಿ ರೇಸ್. 2011ರಲ್ಲಿ ಅದು ಬರುವ ಹೊತ್ತಿಗೆ ಸರಿಯಾಗಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಭೂಕಂಪ, ಮುಂದಿನ ತಿಂಗಳೇ ಜಪಾನಿನಲ್ಲಿ ಭೂಕಂಪ, ಸುನಾಮಿ. ಆಟವನ್ನು ತಡೆದರು. ಜಪಾನಿನಲ್ಲಿ ಬಿಡುಗಡೆಯನ್ನೇ ಕೈಬಿಟ್ಟರು. ನಾನಾಗ ಒಂದು ಮಾತೂ ಆಡಲಿಲ್ಲ. ಕಾರಣ ಕಣ್ಣೆದುರಿಗಿತ್ತು. ಕಾರಣ ಗೊತ್ತಿದ್ದರೆ ಎಷ್ಟು ದಿನ ಬೇಕಾದರೂ ಕಾಯುತ್ತೇನೆ.


ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್
ನವೆಂಬರ್ 2013

ಇಲ್ಲಿ ಎಲ್ಲರೂ ಬಹಳ ತಾಳ್ಮೆಯಿಂದ ಮಾತಾಡುತ್ತಿದ್ದೀರಿ. ನನಗೆ ಅಷ್ಟು ತಾಳ್ಮೆ ಇಲ್ಲ ನೋಡ್ರಿ.

ನಾನು ಒಂದು ಅಂಗಡಿಯಲ್ಲಿ ಈ ಆಟಕ್ಕೆ ಸಾವಿರ ರೂಪಾಯಿ ಮುಂಗಡ ಕೊಟ್ಟಿದ್ದೆ. ಸುದ್ದಿ ಬಂದ ಮರುದಿನ ಹೋಗಿ ರೊಕ್ಕ ವಾಪಸ್ ಕೇಳಿದೆ. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಬೆರಳಿಟ್ಟು ತೋರಿಸಿದರು. ರೊಕ್ಕ ವಾಪಸ್ ಇಲ್ಲ, ಬೇರೆ ಆಟ ತಗೊಳ್ಳಬಹುದು. ಬೇರೆ ಆಟ ನನಗೆ ಯಾಕೆ ಬೇಕು? ತಾರೀಖು ಇಲ್ಲದ ಆಟಕ್ಕೆ ನನ್ನ ರೊಕ್ಕ ಅವರ ಗಲ್ಲಾದಲ್ಲಿ ಕೂತಿದೆ. ಸಾವಿರ ರೂಪಾಯಿ ಕೂಡಿಸಲು ನಾನು ಎರಡು ತಿಂಗಳು ಸಂಜೆ ಟ್ಯೂಷನ್ ಹೇಳಿದ್ದೇನೆ. ಎಂಟನೇ ಕ್ಲಾಸಿನ ಇಬ್ಬರು ಹುಡುಗರಿಗೆ ಗಣಿತ.

ಪ್ರೀ ಆರ್ಡರ್ ಅನ್ನುವುದನ್ನೇ ನಿಲ್ಲಿಸಬೇಕು. ಡಿಸ್ಕ್ ಎಂದಾದರೂ ತೀರಿ ಹೋಗುತ್ತದಾ? ಯಾಕೆ ಮುಂಚೆಯೇ ಕೊಡಬೇಕು? ಆಟ ಬಂದು, ನಾಲ್ಕು ಜನ ಆಡಿ, ಚೆನ್ನಾಗಿದೆ ಅಂದ ಮೇಲೆ ತಗೊಂಡರಾಯಿತು. ಇನ್ನು ಮುಂದೆ ನಾನು ಹಾಗೇ ಮಾಡುತ್ತೇನೆ. ನೀವೂ ಹಾಗೇ ಮಾಡಿ.


ಮೈಸೂರು_ವ್ಹೀಲ್
ಜನವರಿ 2014

ಪಿಎಸ್4 ನಮ್ಮ ದೇಶಕ್ಕೆ ಬಂತು. ಜನವರಿ 6ಕ್ಕೆ, 39,990 ರೂಪಾಯಿ. ನಾನು ತಗೊಂಡೆ. ಆಡಲು ರೇಸಿಂಗ್ ಆಟ ಅಂದರೆ ನೀಡ್ ಫಾರ್ ಸ್ಪೀಡ್ ರೈವಲ್ಸ್. ಕೆಟ್ಟದ್ದೇನಲ್ಲ. ಆದರೆ ಇದಕ್ಕಾಗಿ ನಾನು ಕನ್ಸೋಲ್ ತಗೊಳ್ಳುತ್ತಿರಲಿಲ್ಲ.

ಇನ್ನೊಂದು ನೋವಿನ ವಿಷಯ. ನನ್ನ ಜಿ27 ಸ್ಟೀರಿಂಗ್ ವ್ಹೀಲ್ ಪಿಎಸ್4ನಲ್ಲಿ ಕೆಲಸ ಮಾಡುವುದಿಲ್ಲ. ಮೂರು ಪೆಡಲ್, ಪಕ್ಕದಲ್ಲಿ ಗೇರ್. ಬಡಗಿಯ ಹತ್ತಿರ ಹಲಸಿನ ಮರದ ಸ್ಟ್ಯಾಂಡ್ ಮಾಡಿಸಿ ಕೂರಿಸಿದ್ದೆ. ಈಗ ಅದರ ಮೇಲೆ ಬಟ್ಟೆ ಮುಚ್ಚಿಟ್ಟಿದ್ದೇನೆ. ಅಕ್ಕಪಕ್ಕದ ಮನೆಯ ಹುಡುಗರು ಬಂದು ಕೇಳುತ್ತಾರೆ, ಅಣ್ಣಾ ಯಾವಾಗ ಓಡಿಸೋಣ ಅಂತ.

ಅಕ್ಟೋಬರ್‌ನಲ್ಲಿ ನಾನು ಆರು ತಿಂಗಳು ದೊಡ್ಡದಲ್ಲ ಅಂದಿದ್ದೆ. ದುಡ್ಡು ಹಾಕಿದ ಮೇಲೆ ಆ ಮಾತು ಅಷ್ಟು ಸುಲಭವಾಗಿ ಬರುವುದಿಲ್ಲ. ಘಾಟಿರಸ್ತೆ, ನಿಮ್ಮ ಮಾತು ಈಗ ಅರ್ಥವಾಯಿತು.


ಘಾಟಿರಸ್ತೆ
ಏಪ್ರಿಲ್ 2014

ಅಂತೂ ತಾರೀಖು ಹೇಳಿದರು. ಅಮೆರಿಕದಲ್ಲಿ ಅಕ್ಟೋಬರ್ 7, ಯುರೋಪಿನಲ್ಲಿ 8.

2014ರ ಶುರು ಅಂದಿದ್ದರು. ಜನವರಿ ಹೋಯಿತು, ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು. ದಿನಾ ರಾತ್ರಿ ಊಟ ಆದ ಮೇಲೆ ಹುಡುಕಿ ನೋಡುತ್ತಿದ್ದೆ. ಟ್ರೇಲರ್ ಇಲ್ಲ, ಫೋಟೊ ಇಲ್ಲ, ಒಂದು ಸಾಲೂ ಇಲ್ಲ. ಆಟವನ್ನೇ ಕೈಬಿಟ್ಟರು ಅಂತ ಸುಮಾರು ಜನ ಬರೆಯತೊಡಗಿದರು. ನನಗೂ ಹಾಗೇ ಅನ್ನಿಸಿತ್ತು. ಮಾರ್ಚ್‌ನಲ್ಲಿ ಸೋನಿಯ ಆಟದ ಸ್ಟುಡಿಯೋಗಳ ಮುಖ್ಯಸ್ಥ ಶುಹೇಯಿ ಯೋಶಿದಾ ಅವರು ಬಾಯಿ ಬಿಟ್ಟಾಗಲೇ ಗೊತ್ತಾದದ್ದು, ಕೆಲವು ಭಾಗಗಳ ವಿನ್ಯಾಸವನ್ನು ಮೊದಲಿನಿಂದ ಮಾಡುತ್ತಿದ್ದಾರೆ ಅಂತ.

ಆ ಒಂದು ಮಾತು ಕೇಳಿ ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ? ಕೆಟ್ಟ ಸುದ್ದಿಯೇ ಅದು. ಇನ್ನೂ ತಡ ಅಂತಲೇ ಅದರ ಅರ್ಥ. ಆದರೂ ಅವತ್ತು ನಿದ್ದೆ ಚೆನ್ನಾಗಿ ಬಂತು. ಅದನ್ನೇ ಜನವರಿಯಲ್ಲಿ ಹೇಳಿದ್ದರೆ ಮೂರು ತಿಂಗಳು ಇಷ್ಟು ಜನ ಒದ್ದಾಡುವುದು ತಪ್ಪುತ್ತಿತ್ತು. ಕೆಲಸ ಮಾಡುವ ಹುಡುಗರ ಮೇಲೆ ನನಗೆ ಕೋಪವಿಲ್ಲ. ಏನು ಹೇಳಬೇಕು, ಯಾವಾಗ ಹೇಳಬೇಕು ಅಂತ ತೀರ್ಮಾನ ಮಾಡುವವರು ಬೇರೆ ಇರುತ್ತಾರೆ.

ಒಂದು ಸಂತೋಷದ ವಿಷಯವೂ ಇದೆ. ಆಟದಲ್ಲಿರುವ ಐದು ದೇಶಗಳಲ್ಲಿ ನಮ್ಮದೂ ಒಂದು. ನಾರ್ವೆ, ಸ್ಕಾಟ್ಲೆಂಡ್, ಕೆನಡಾ, ಚಿಲಿ, ಭಾರತ. ಒಟ್ಟು 55 ಟ್ರ್ಯಾಕ್. ನಮ್ಮ ದೇಶದ ರಸ್ತೆ ಒಂದು ದೊಡ್ಡ ರೇಸಿಂಗ್ ಆಟದಲ್ಲಿ ಬರುವುದು ಎಷ್ಟು ಅಪರೂಪ, ಅಲ್ವಾ? ಚಹಾ ತೋಟದ ನಡುವೆ ರಸ್ತೆ ಹೋಗುವ ಚಿತ್ರ ನೋಡಿ ನನಗೆ ಮಸಿನಗುಡಿಯಿಂದ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿ ನೆನಪಾಯಿತು. ಮೂವತ್ತಾರು ಹೇರ್‌ಪಿನ್.

ಇಲ್ಲಿ ಬರೆಯುವವರೇ ಸೇರಿ ಒಂದು ಕ್ಲಬ್ ಮಾಡೋಣವಾ? ಆರು ಜನಕ್ಕೆ ಜಾಗ ಇದೆ. ಹೆಸರು ಆಗುಂಬೆ. ಬಣ್ಣ ಹಳದಿ, ಕೆಂಪು.


ಮ್ಯಾಂಚೆಸ್ಟರ್_ಕನ್ನಡಿಗ
ಮೇ 2014

ನನ್ನನ್ನೂ ಸೇರಿಸಿಕೊಳ್ಳಿ. ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಎವಲ್ಯೂಷನ್ ಇರುವ ರನ್‌ಕಾರ್ನ್ ನನ್ನ ಮನೆಯಿಂದ ದೂರವಿಲ್ಲ. ಲಿವರ್‌ಪೂಲ್ ಕಡೆ ಹೋಗುವಾಗ ಮರ್ಸಿ ನದಿಯ ಮೇಲಿನ ಹಸಿರು ಕಮಾನಿನ ಸೇತುವೆ ಕಾಣುತ್ತದೆ. ಅದನ್ನು ನೋಡಿದಾಗಲೆಲ್ಲ ನನ್ನ ಮಗಳು ಕೇಳುತ್ತಾಳೆ, ಅಪ್ಪಾ ನಿಮ್ಮ ಕಾರ್ ಗೇಮ್ ಮಾಡುವವರು ಇಲ್ಲೇನಾ ಇರೋದು ಅಂತ.


ದುಬೈ_ಕುಡ್ಲ
ಮೇ 2014

ಆರನೆಯವನು ನಾನು. ಶುಕ್ರವಾರ ರಜೆ, ಅವತ್ತು ಇಡೀ ದಿನ ಆಡಬಹುದು. ಉಳಿದ ದಿನ ರಾತ್ರಿ ಹತ್ತರ ಮೇಲೆ ಮಾತ್ರ ಮಾರಾಯ್ರೆ.


ಘಾಟಿರಸ್ತೆ
ಅಕ್ಟೋಬರ್ 2014, ಬಿಡುಗಡೆಯ ವಾರ

ಡಿಸ್ಕ್ ಕೈಗೆ ಬಂತು. ರಾತ್ರಿ ಎಂಟಕ್ಕೆ ಹಾಕಿದೆ. ಕ್ಲಬ್ ಅಂತ ಒತ್ತಿದರೆ ಸರ್ವರ್ ಸಿಗುತ್ತಿಲ್ಲ. ಒಂಬತ್ತಕ್ಕೆ ಮತ್ತೆ ಒತ್ತಿದೆ. ಹತ್ತಕ್ಕೆ ಒತ್ತಿದೆ. ನನ್ನ ನೆಟ್ ಸಮಸ್ಯೆ ಇರಬಹುದು ಅಂತ ಮೋಡೆಮ್ ಆಫ್ ಮಾಡಿ ಆನ್ ಮಾಡಿದೆ. ಆಮೇಲೆ ಇಲ್ಲಿ ಬಂದು ನೋಡಿದರೆ ಎಲ್ಲರದ್ದೂ ಇದೇ ಕಥೆ. ಪ್ರಪಂಚದ ತುಂಬ ಇದೇ ಕಥೆ.

ಒಬ್ಬನೇ ಆಡುವ ಭಾಗ ಚೆನ್ನಾಗಿದೆ. ಕಾರಿನ ಸದ್ದು ತುಂಬಾ ಚೆನ್ನಾಗಿದೆ. ಸಂಜೆ ಬೆಳಕಿನಲ್ಲಿ ಸ್ಕಾಟ್ಲೆಂಡಿನ ರಸ್ತೆ ನೋಡಿದರೆ ಮನಸ್ಸು ತುಂಬುತ್ತದೆ. ಆದರೆ ಈ ಆಟದ ಹೆಸರಿನಲ್ಲೇ ಕ್ಲಬ್ ಇದೆಯಲ್ಲ. ಆ ಭಾಗಕ್ಕೆ ಸಮಯ ಬೇಕು ಅಂತಲೇ ಒಂದು ವರ್ಷ ತಗೊಂಡರಲ್ಲ. ಆ ಭಾಗವೇ ನಡೆಯುತ್ತಿಲ್ಲ. ಇದನ್ನು ನಾನು ಹೇಗೆ ಸಹಿಸಲಿ ಹೇಳಿ.

ಪ್ಲಸ್ ಆವೃತ್ತಿಯನ್ನೂ ತಡೆದಿದ್ದಾರೆ. ಫೋನಿನ ಆ್ಯಪ್ ಕೂಡ ಇಲ್ಲ. ಯಾವಾಗ ಅಂತ ಮತ್ತೆ ತಾರೀಖು ಇಲ್ಲ.


ಸರ್ವರ್_ಸೀನ, ಬೆಂಗಳೂರು
ಅಕ್ಟೋಬರ್ 2014

ತಡವಾಗಿ ಬಂದರೂ ಸರಿಯಾಗಿ ಬರಲಿ ಅಂತ ಹೋದ ವರ್ಷ ಬರೆದವನು ನಾನು. ನನ್ನ ಮಾತು ನಡೆಯಲಿಲ್ಲ. ತಡವೂ ಆಯಿತು, ಸರಿಯಾಗಿಯೂ ಬರಲಿಲ್ಲ. ಘಾಟಿರಸ್ತೆ, ನಿಮ್ಮ ಬೇಜಾರಿಗೆ ಅವತ್ತು ಇನ್ನೂ ಬೆಲೆ ಕೊಡಬೇಕಿತ್ತು.

ಏನಾಗಿರಬಹುದು ಅಂತ ನನ್ನ ಕೆಲಸದ ಅನುಭವದಿಂದ ಹೇಳುತ್ತೇನೆ. ಆಫೀಸಿನಲ್ಲಿ ನಾವು ಸರ್ವರ್ ಪರೀಕ್ಷೆ ಮಾಡುವಾಗ ಸುಳ್ಳು ಬಳಕೆದಾರರನ್ನು ಸೃಷ್ಟಿ ಮಾಡುತ್ತೇವೆ. ಸಾವಿರ, ಹತ್ತು ಸಾವಿರ. ಅವರೆಲ್ಲ ನಾವು ಹೇಳಿದ ಕ್ರಮದಲ್ಲಿ ಒಳಗೆ ಬರುತ್ತಾರೆ, ಹೇಳಿದ್ದನ್ನು ಮಾಡುತ್ತಾರೆ, ಹೊರಗೆ ಹೋಗುತ್ತಾರೆ. ನಿಜವಾದ ಮನುಷ್ಯ ಹಾಗಲ್ಲ. ಸಿಗದಿದ್ದರೆ ಮತ್ತೆ ಒತ್ತುತ್ತಾನೆ. ಮತ್ತೆ ಮತ್ತೆ ಒತ್ತುತ್ತಾನೆ. ಮೋಡೆಮ್ ಆಫ್ ಮಾಡಿ ಬಂದು ಒತ್ತುತ್ತಾನೆ. ಒಬ್ಬನ ಒಂದು ಬೇಡಿಕೆ ಹತ್ತಾಗುತ್ತದೆ. ಸೋತ ಸರ್ವರ್ ಮೇಲೆ ಇನ್ನಷ್ಟು ಭಾರ ಬೀಳುತ್ತದೆ. ಜಾತ್ರೆಯ ದಿನ ಒಂದೇ ಬಾಗಿಲಿನ ಗುಡಿಯ ಮುಂದೆ ಆದ ಹಾಗೆ.

ಅದಕ್ಕೆ ಅವರು ಒಂದೇ ಹೊತ್ತಿಗೆ ಒಳಗೆ ಬರುವವರ ಸಂಖ್ಯೆಯನ್ನು ಕಡಿಮೆ ಮಾಡಿದ್ದಾರೆ. ಆ ಕ್ಷಣಕ್ಕೆ ಅದು ಸರಿಯಾದ ಕೆಲಸ. ಆದರೆ ಹೊರಗೆ ನಿಂತವನಿಗೆ ಅದು ಮುಚ್ಚಿದ ಬಾಗಿಲೇ. ಮೊದಲೇ ಸಣ್ಣದಾಗಿ ಜನರ ಮುಂದೆ ಇಟ್ಟು, ಒಂದು ತಿಂಗಳು ಪರೀಕ್ಷೆ ಮಾಡಿಸಿ ಆಮೇಲೆ ಬಿಡುಗಡೆ ಮಾಡಬಹುದಿತ್ತು. ನಾವೆಲ್ಲ ಸಂತೋಷದಿಂದ ಪರೀಕ್ಷೆ ಮಾಡಿಕೊಡುತ್ತಿದ್ದೆವು.


ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್
ಅಕ್ಟೋಬರ್ 2014

ನಾನು ಇನ್ನೂ ತಗೊಂಡಿಲ್ಲ. ಹೇಳಿದ ಹಾಗೆ ಕಾಯುತ್ತೇನೆ. ಆಗುಂಬೆ ಕ್ಲಬ್‌ನಲ್ಲಿ ನನ್ನ ಜಾಗ ಇಟ್ಟಿರಿ.


ಘಾಟಿರಸ್ತೆ
ಡಿಸೆಂಬರ್ 2014

ಇದನ್ನು ಬರೆಯಲೇಬೇಕು.

ನಿನ್ನೆ ಅಪ್‌ಡೇಟ್ ಹಾಕಿದೆ. ಆಟಕ್ಕೆ ಮಳೆ, ಹಿಮ ಬಂದಿದೆ. ರಾತ್ರಿ ಊಟ ಮುಗಿಸಿ ಭಾರತದ ಒಂದು ಟ್ರ್ಯಾಕ್ ಆರಿಸಿದೆ. ಮಳೆ ಇಟ್ಟೆ. ಕಾರಿನ ಒಳಗಿನಿಂದ ನೋಡುವ ಕ್ಯಾಮೆರಾ.

ಮೊದಲು ಗಾಜಿನ ಮೇಲೆ ನಾಲ್ಕು ಹನಿ. ಕಾರು ನಿಂತಿದ್ದಾಗ ಹನಿ ಕೆಳಗೆ ಜಾರುತ್ತದೆ. ವೇಗ ಹತ್ತಿದ ಹಾಗೆ ಅದೇ ಹನಿ ಗಾಜಿನ ಮೇಲೆ ಮೇಲಕ್ಕೆ ಏರುತ್ತದೆ. ಬಲಕ್ಕೆ ತಿರುಗಿದರೆ ಹನಿಗಳೆಲ್ಲ ಎಡಕ್ಕೆ ಓಡುತ್ತವೆ. ವೈಪರ್ ಬಂದು ಒರೆಸಿದರೆ ಒರೆಸಿದ ಜಾಗದ ಅಂಚಿನಲ್ಲಿ ತೆಳ್ಳಗೆ ನೀರಿನ ಗೆರೆ ಉಳಿಯುತ್ತದೆ. ಅದು ನಿಧಾನ ಒಡೆದು ಮತ್ತೆ ಹನಿಯಾಗುತ್ತದೆ. ಎದುರಿನ ಕಾರಿನ ಕೆಂಪು ದೀಪ ಒದ್ದೆ ರಸ್ತೆಯ ಮೇಲೆ ಉದ್ದಕ್ಕೆ ಹರಡುತ್ತದೆ.

ಅಪ್ಪಯ್ಯ ಮಲಗಲು ಹೋಗುತ್ತಿದ್ದವರು ಬಾಗಿಲಲ್ಲಿ ನಿಂತರು. ನನ್ನ ಆಟವನ್ನು ಅವರು ಯಾವತ್ತೂ ನೋಡಿದವರಲ್ಲ. ಸ್ವಲ್ಪ ಹೊತ್ತು ನಿಂತು, ಆಮೇಲೆ ಮಂಚದ ತುದಿಯಲ್ಲಿ ಕೂತರು. ಎದುರಿಗೆ ತಿರುವು ಬಂತು. ಅವರ ಬಲಗಾಲು ನೆಲದ ಮೇಲೆ ಬ್ರೇಕ್ ಒತ್ತಿತು. "ಹಾರ್ನ್ ಹಾಕೋ" ಅಂದರು. ಆಟದಲ್ಲಿ ಹಾರ್ನ್ ಹಾಕಿ ಏನಾಗಬೇಕು? ಆದರೂ ಹಾಕಿದೆ. ಆ ಘಾಟಿ ಮುಗಿಯುವವರೆಗೂ ಎದ್ದು ಹೋಗಲಿಲ್ಲ.

ಹೋದ ವರ್ಷದಿಂದ ಈ ಆಟದ ಬಗ್ಗೆ ಎಷ್ಟು ಬೇಜಾರು ಬರೆದಿದ್ದೇನೆ, ಎಲ್ಲ ಮೇಲೆ ಇದೆ. ಅದರಲ್ಲಿ ಒಂದು ಮಾತನ್ನೂ ನಾನು ಅಳಿಸುವುದಿಲ್ಲ. ಇದೂ ಅದರ ಪಕ್ಕದಲ್ಲೇ ಇರಲಿ.

ಸರ್ವರ್ ಈಗ ಸಿಗುತ್ತಿದೆ. ಕ್ಷಮೆ ಕೇಳಿ, ಹೆಚ್ಚುವರಿ ಕಾರುಗಳ ಪ್ಯಾಕ್ ಉಚಿತ ಕೊಟ್ಟಿದ್ದಾರೆ. ಜಪಾನಿನ ಟ್ರ್ಯಾಕ್ ಕೂಡ ಬಂದಿದೆ. ಆಗುಂಬೆ ಕ್ಲಬ್ ಶುರುವಾಗಿದೆ. ನಾಲ್ಕು ಜನ ಇದ್ದೇವೆ.


ಮೈಸೂರು_ವ್ಹೀಲ್
ಡಿಸೆಂಬರ್ 2014

ಐದು. ನಾನು ಬಂದೆ. ಇದೇ ಆಟದ ಹೆಸರಿನ ಥ್ರಸ್ಟ್‌ಮಾಸ್ಟರ್ ಟಿ80 ತರಿಸಿ, ಹಲಸಿನ ಸ್ಟ್ಯಾಂಡಿಗೆ ಹೊಸ ತೂತು ಕೊರೆಸಿದೆ. ಎರಡೇ ಪೆಡಲ್, ಕ್ಲಚ್ ಇಲ್ಲ. ಪರವಾಗಿಲ್ಲ.


ದುಬೈ_ಕುಡ್ಲ
ಜೂನ್ 2015

ಪ್ಲಸ್ ಆವೃತ್ತಿ ಬಂತು, ಈ 25ಕ್ಕೆ. ಪಿಎಸ್4 ಜೊತೆಗೆ ಕೊಡುತ್ತೇವೆ ಅಂದದ್ದು ಒಂದೂವರೆ ವರ್ಷ ದಾಟಿದ ಮೇಲೆ. 10 ಕಾರು, ಒಂದು ದೇಶದ 11 ಟ್ರ್ಯಾಕ್. ನನ್ನ ರೂಮ್‌ಮೇಟ್ ಅದನ್ನು ಇಳಿಸಿಕೊಂಡು ಆಡಿ, ಎರಡನೇ ದಿನವೇ ಪೂರ್ತಿ ಆಟ ತಗೊಂಡ. ಮೊದಲ ದಿನವೇ ಇದು ಹೀಗೆ ಸಿಕ್ಕಿದ್ದರೆ ಎಷ್ಟು ಜನ ಬರುತ್ತಿದ್ದರೋ.


ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್
ಜುಲೈ 2015

ನಾಲ್ಕು ಜನ ಆಡಿ ಚೆನ್ನಾಗಿದೆ ಅಂದ ಮೇಲೆ ತಗೊಳ್ಳುತ್ತೇನೆ ಅಂದಿದ್ದೆ. ಐದು ಜನ ಅಂದಿರಿ. ತಗೊಂಡೆ, ಅರ್ಧ ಬೆಲೆಗೆ. ಕ್ಲಬ್ ತುಂಬಿತು.


ಮ್ಯಾಂಚೆಸ್ಟರ್_ಕನ್ನಡಿಗ
ಮಾರ್ಚ್ 2016

ಕೆಟ್ಟ ಸುದ್ದಿ. ಎವಲ್ಯೂಷನ್ ಸ್ಟುಡಿಯೋಸ್ ಮುಚ್ಚುತ್ತಿದ್ದಾರೆ. ಸೋನಿಯವರೇ ಇವತ್ತು ಹೇಳಿದರು. ಹೋದ ವರ್ಷವೇ ಸುಮಾರು ಜನರನ್ನು ಕೆಲಸದಿಂದ ತೆಗೆದಿದ್ದರು. 1999ರಲ್ಲಿ ಶುರುವಾದ ಸ್ಟುಡಿಯೋ. ಡಬ್ಲ್ಯುಆರ್‌ಸಿ ಅನ್ನುವ ರ‍್ಯಾಲಿ ರೇಸಿನ ಆಟಗಳು, ಮೋಟಾರ್‌ಸ್ಟಾರ್ಮ್, ಡ್ರೈವ್‌ಕ್ಲಬ್. ಇಪ್ಪತ್ತು ವರ್ಷವೂ ತುಂಬಲಿಲ್ಲ.

ಸಂಜೆ ಕೆಲಸ ಮುಗಿಸಿ ಬರುವಾಗ ಕಾರಿನ ರೇಡಿಯೊ ಆಫ್ ಮಾಡಿ ಬಂದೆ. ಮಗಳಿಗೆ ಏನು ಹೇಳಲಿ ಗೊತ್ತಾಗುತ್ತಿಲ್ಲ.


ಘಾಟಿರಸ್ತೆ
ಮಾರ್ಚ್ 2016

ಓದಿ ಸುಮ್ಮನೆ ಕೂತೆ.

ಬಿಡುಗಡೆಯಾದ ಆಟವನ್ನು ಒಂದು ವರ್ಷ ಬಿಡದೆ ರಿಪೇರಿ ಮಾಡಿದವರು ಇವರು. ಮಳೆ ತಂದರು, ಫೋಟೊ ತೆಗೆಯುವ ವ್ಯವಸ್ಥೆ ತಂದರು, ಬೈಕ್ ತಂದರು. ನಮ್ಮಂಥವರು ಬರೆದದ್ದನ್ನು ಓದಿ ಉತ್ತರ ಕೊಡುತ್ತಿದ್ದರು. ಆಟ ಚೆನ್ನಾಗಿ ಆದ ಹೊತ್ತಿಗೆ ಮಾಡಿದವರಿಗೇ ಬಾಗಿಲು ಮುಚ್ಚಿತು. ತಾರೀಖನ್ನು ಮೊದಲೇ ಘೋಷಿಸಿದ ತಪ್ಪು ಒಬ್ಬರದ್ದು, ಅದರ ಬೆಲೆ ತೆತ್ತವರು ಇನ್ನೊಬ್ಬರು. ನನಗೆ ಹಾಗನ್ನಿಸುತ್ತದೆ. ಎರಡು ವರ್ಷದಲ್ಲಿ ಈ ಪುಟದಲ್ಲಿ ಬರೆದ ಕೋಪದಲ್ಲಿ ಒಂದು ಹನಿಯಾದರೂ ಆ ಹುಡುಗರ ಮೇಲೆ ಬಿದ್ದಿದ್ದರೆ ಅದನ್ನು ವಾಪಸ್ ತಗೊಳ್ಳುತ್ತೇನೆ.


ಮ್ಯಾಂಚೆಸ್ಟರ್_ಕನ್ನಡಿಗ
ಏಪ್ರಿಲ್ 2016

ಆ ತಂಡವನ್ನು ಇಲ್ಲಿಯದೇ ಇನ್ನೊಂದು ರೇಸಿಂಗ್ ಆಟದ ಕಂಪನಿ, ಕೋಡ್‌ಮಾಸ್ಟರ್ಸ್‌ನವರು ಸೇರಿಸಿಕೊಂಡಿದ್ದಾರೆ. ಮಗಳಿಗೆ ಹೇಳಿದೆ.


ಸರ್ವರ್_ಸೀನ, ಬೆಂಗಳೂರು
ಮಾರ್ಚ್ 2020

ಆಟವನ್ನು ಹೋದ ಆಗಸ್ಟ್‌ನಲ್ಲೇ ಮಾರಾಟದಿಂದ ತೆಗೆದಿದ್ದಾರೆ. ಸರ್ವರ್ ನಿಲ್ಲುವುದು ಇದೇ 31ಕ್ಕೆ. ಲಾಕ್‌ಡೌನ್, ಎಲ್ಲರೂ ಮನೆಯಲ್ಲೇ ಇದ್ದೀರಿ. ಆರೂ ಜನ ಬರಲೇಬೇಕು. ನಮ್ಮ ಸಮಯ ರಾತ್ರಿ ಒಂಬತ್ತೂವರೆ. ಮ್ಯಾಂಚೆಸ್ಟರ್‌ನಲ್ಲಿ ಸಂಜೆ ಐದು, ದುಬೈಯಲ್ಲಿ ಎಂಟು.


ಘಾಟಿರಸ್ತೆ
ಏಪ್ರಿಲ್ 2020

ನಿನ್ನೆ ಬರಲು ಆಗದವರು ಯಾರೂ ಇರಲಿಲ್ಲ. ಆರು ಹಳದಿ ಕೆಂಪು ಕಾರು ಒಟ್ಟಿಗೆ ಸಾಲಾಗಿ ನಿಂತದ್ದನ್ನು ಐದು ವರ್ಷದಲ್ಲಿ ನಾನು ನೋಡಿದ್ದು ನಾಲ್ಕೋ ಐದೋ ಸಲ.

ಐದೂ ದೇಶ ಓಡಿಸಿದೆವು. ಜಪಾನನ್ನೂ ಓಡಿಸಿದೆವು. ಕೊನೆಯದು ಭಾರತ, ಮಳೆ ಇಟ್ಟು. ಮಾತು ಕಡಿಮೆ ಇತ್ತು. ಹೆಡ್‌ಫೋನಿನಲ್ಲಿ ಮೈಸೂರಿನವರ ಮನೆಯ ಕುಕ್ಕರ್ ಕೂಗು, ದುಬೈಯವರ ಎ.ಸಿ. ಸದ್ದು ಕೇಳುತ್ತಿತ್ತು. ಅಪ್ಪಯ್ಯನಿಗೆ ಈಗ ಕಣ್ಣು ಅಷ್ಟು ಸರಿಯಾಗಿ ಕಾಣುವುದಿಲ್ಲ. ಆದರೂ ಬಂದು ಪಕ್ಕದಲ್ಲಿ ಕೂತರು. ಮಳೆ ಸದ್ದು ಕೇಳಿ, "ಗೇರ್ ಇಳಿಸು" ಅಂದರು. ಇಳಿಸಿದೆ.

ಗೆದ್ದದ್ದು ಮ್ಯಾಂಚೆಸ್ಟರ್‌ನವರ ಮಗಳು. ಅಪ್ಪನ ಕೈಯಿಂದ ಕಂಟ್ರೋಲರ್ ತಗೊಂಡಿದ್ದಳಂತೆ. ಕೊನೆಯ ತಿರುವಿನಲ್ಲಿ ನನ್ನನ್ನು ಒಳಗಿನಿಂದ ದಾಟಿದಳು. ಆಮೇಲೆ ಎಲ್ಲರೂ ಫಲಿತಾಂಶದ ಪರದೆಯಲ್ಲೇ ಸ್ವಲ್ಪ ಹೊತ್ತು ಇದ್ದೆವು. ಯಾರೂ ಮೊದಲು ಹೊರಗೆ ಹೋಗಲಿಲ್ಲ.


ಹುಬ್ಬಳ್ಳಿ_ಹ್ಯಾಂಡ್‌ಬ್ರೇಕ್
ಏಪ್ರಿಲ್ 2020

ಗ್ರಾನ್ ಟುರಿಸ್ಮೊ ಸ್ಪೋರ್ಟ್ ಎಲ್ಲರ ಹತ್ತಿರ ಇದೆ ಅಲ್ವಾ? ಅದೂ ಒಂದು ವರ್ಷ ತಡವಾಗಿ ಬಂದದ್ದೇ. ನಾಳೆ ಒಂಬತ್ತೂವರೆಗೆ ಕೂಡೋಣ. ಆ ಹುಡುಗಿಯನ್ನೂ ಕರೆದುಕೊಂಡು ಬನ್ನಿ.